ನುಂಗಣ್ಣಂದಿರಿಲ್ಲದ ರಾಜ್ಯ

ಸೊನ್ನೆ ಬಂತು. ಅದೂ ಎಂಥ ಸೊನ್ನೆ! ಮುಂದೆ ಒಂದು ಚುಕ್ಕಿ, ಚುಕ್ಕಿಯ ಮುಂದೆ ಮತ್ತೆ ಸೊನ್ನೆ. ಭೀಮಾತೀರ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಭಾಗದ ಮುಖ್ಯಸ್ಥೆ ಡಾ. ನೀಲಾಂಬಿಕಾ ಬಿದರಕುಂದಿ ಪರದೆಯನ್ನು ನೋಡಿದಳು, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದಳು, ಆಮೇಲೆ "ಈ ಯಂತ್ರದ ತಲಿ ಕೆಟ್ಟದ" ಎಂದಳು. ತಪ್ಪು ತನ್ನದಿರಬಹುದೇ ಎಂಬ ಅನುಮಾನ ಆಕೆಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಅದು ಒಳ್ಳೆಯ ಗುಣವೋ ಕೆಟ್ಟದ್ದೋ ಎಂಬುದನ್ನು ಅವಳ ಗಂಡನನ್ನೇ ಕೇಳಬೇಕು.

ಆ ಯಂತ್ರಕ್ಕೆ ಸರ್ಕಾರ ಇಟ್ಟಿರುವ ಹೆಸರು ಬಹಳ ಉದ್ದ. ಅದು ಯಾರ ಬಾಯಲ್ಲೂ ನಿಲ್ಲಲಿಲ್ಲ. ಜನ ಅದನ್ನು 'ಇಲ್ಲದಿದ್ದರೆ' ಎಂದೇ ಕರೆಯುತ್ತಾರೆ. ಹಿಂದೆಲ್ಲ ವಿಶ್ವವಿದ್ಯಾಲಯಗಳಿಗೆ ಅನುದಾನ ಹಂಚುತ್ತಿದ್ದ ರೀತಿ ನಿಮಗೂ ಗೊತ್ತಿರಬೇಕು. ಹೋದ ವರ್ಷ ಎಷ್ಟು ಕೊಟ್ಟಿದ್ದರೋ ಅದಕ್ಕೆ ಚೂರು ಸೇರಿಸುವುದು, ಮಂತ್ರಿಗಳ ಊರಿನದಾದರೆ ಇನ್ನೊಂದಿಷ್ಟು ಸೇರಿಸುವುದು, ಯಾವ ಕುಲಪತಿ ರಾಜಧಾನಿಗೆ ಹೆಚ್ಚು ಸಲ ಓಡಾಡುತ್ತಾನೋ ಅವನ ಕಡತವನ್ನು ಮೇಲಿಡುವುದು. ಇದರಿಂದ ಎಲ್ಲರಿಗೂ ರೋಸಿಹೋಗಿ, ಕೊನೆಗೆ ಯಾರೋ ಜಾಣರು ಕೂತು ಒಂದೇ ಒಂದು ಪ್ರಶ್ನೆ ಕೇಳಿದರು. ಈ ವಿಭಾಗ ಹುಟ್ಟೇ ಇಲ್ಲದಿದ್ದರೆ ಈ ರಾಜ್ಯ ಹೇಗಿರುತ್ತಿತ್ತು?

ಯಂತ್ರ ಮಾಡುವುದು ಇಷ್ಟೇ. ಜನನ ಮರಣ, ಆಸ್ಪತ್ರೆ, ಬೆಳೆ, ಸಂಬಳ, ಬಸ್ಸು, ಕರೆಂಟು ಎಂದು ಸರ್ಕಾರದ ಬಳಿ ಇರುವ ಎಲ್ಲ ದಾಖಲೆಗಳಿಂದ ಅದು ತನ್ನೊಳಗೇ ಎರಡು ರಾಜ್ಯಗಳನ್ನು ಕಟ್ಟುತ್ತದೆ. ಒಂದು 'ಇದ್ದರೆ' ರಾಜ್ಯ, ಇನ್ನೊಂದು 'ಇಲ್ಲದಿದ್ದರೆ' ರಾಜ್ಯ. ಎರಡನೆಯದರಲ್ಲಿ ಆ ಒಂದು ವಿಭಾಗವನ್ನು ಅದು ಹುಟ್ಟಿದ ದಿನದಿಂದಲೇ ಅಳಿಸಿ, ಅಲ್ಲಿಂದ ಇವತ್ತಿನವರೆಗೆ ಕಾಲವನ್ನು ಮತ್ತೆ ಓಡಿಸುತ್ತದೆ. ಆಮೇಲೆ ಎರಡು ರಾಜ್ಯಗಳನ್ನೂ ಅಕ್ಕಪಕ್ಕ ಇಟ್ಟು ನೋಡುತ್ತದೆ. ವ್ಯತ್ಯಾಸ ದೊಡ್ಡದಾದರೆ ಅನುದಾನದ ಪಾಲು ದೊಡ್ಡದು. ವ್ಯತ್ಯಾಸ ಸೊನ್ನೆಯಾದರೆ ಪಾಲೂ ಸೊನ್ನೆ, ಏಪ್ರಿಲ್ ಒಂದಕ್ಕೆ ಬಾಗಿಲಿಗೆ ಬೀಗ.

ಬೀಗ ಬಿದ್ದರೆ ಸಾಯುವುದು ನುಂಗಣ್ಣಂದಿರು. ಹಾಗೆಂದರೆ ಯಾರು ಎಂಬುದನ್ನು ಹೇಳಿಬಿಡುತ್ತೇನೆ. ಆ ಕಾಲಕ್ಕೆ ಹಳೆಯ ಆಂಟಿಬಯಾಟಿಕ್ ಗುಳಿಗೆಗಳಿಗೆ ಬ್ಯಾಕ್ಟೀರಿಯಾಗಳು ಕ್ಯಾರೇ ಅನ್ನುತ್ತಿರಲಿಲ್ಲ. ಸುಟ್ಟಗಾಯ, ಹೆರಿಗೆಯ ಹೊಲಿಗೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಎಲ್ಲಿ ಕೀವು ಕಟ್ಟಿದರೂ ಜೀವದ ಮಾತೇ. ಆದರೆ ಪ್ರತಿ ಬ್ಯಾಕ್ಟೀರಿಯಾಕ್ಕೂ ಅದನ್ನೇ ಹುಡುಕಿ ತಿನ್ನುವ ಒಂದು ವೈರಸ್ ಇರುತ್ತದೆ. ಪುಸ್ತಕದಲ್ಲಿ ಅದಕ್ಕೆ ಫೇಜ್ ಎನ್ನುತ್ತಾರೆ, ಭೀಮಾತೀರದವರು ನುಂಗಣ್ಣ ಎನ್ನುತ್ತಾರೆ. ಬ್ಯಾಕ್ಟೀರಿಯಾ ಎಲ್ಲಿ ಹೆಚ್ಚೋ ನುಂಗಣ್ಣನೂ ಅಲ್ಲೇ ಹೆಚ್ಚು. ಆದ್ದರಿಂದ ನೀಲಾಂಬಿಕಾ ಮತ್ತು ಅವಳ ಸಹೋದ್ಯೋಗಿ ಡಾ. ಇಮಾಮಸಾಬ ನದಾಫ ಇಡೀ ಆಯುಷ್ಯವನ್ನು ಗಟಾರಗಳ ದಂಡೆಯ ಮೇಲೆ ಕಳೆದಿದ್ದರು.

ಹಿಡಿದು ತಂದರೆ ಮುಗಿಯಲಿಲ್ಲ. ಗಟಾರದ ನೀರಿನಿಂದ ಅವನನ್ನು ಸೋಸಿ ಬೇರೆ ಮಾಡಬೇಕು, ತಣ್ಣಗೆ ಕಾಪಾಡಬೇಕು, ಆಗಾಗ ಬ್ಯಾಕ್ಟೀರಿಯಾ ತಿನ್ನಿಸಿ ಬೆಳೆಸಬೇಕು. ಬ್ಯಾಕ್ಟೀರಿಯಾ ಕಮ್ಮಿ ಕಿಲಾಡಿಯಲ್ಲ, ತಿಂಗಳು ತಿಂಗಳಿಗೂ ವೇಷ ಬದಲಿಸುತ್ತದೆ. ಹೊಸ ವೇಷವನ್ನು ನುಂಗಣ್ಣನಿಗೆ ಪರಿಚಯ ಮಾಡಿಸಿ ಪಳಗಿಸುತ್ತಲೇ ಇರಬೇಕು. ಈ ಕೆಲಸ ಒಂದು ಋತು ನಿಂತರೆ ಸಾಕು, ಶೀಶೆಗಳಲ್ಲಿ ಉಳಿಯುವುದು ಬರೀ ನೀರು. ರಾಜ್ಯದ ಆಸ್ಪತ್ರೆಗಳಿಗೆಲ್ಲ ಈ ಶೀಶೆಗಳು ಬಸ್ಸಿನಲ್ಲಿ ಕಂಡಕ್ಟರರ ಕೈಯಲ್ಲಿ ಹೋಗುತ್ತಿದ್ದವು. ದುಡ್ಡಿಲ್ಲ, ಒಪ್ಪಂದವಿಲ್ಲ. ಒಂದು ಫೋನು ಬಂದರೆ ಒಂದು ಶೀಶೆ ಹೊರಟಿತು ಎಂದೇ ಲೆಕ್ಕ.

ಅಂಥ ವಿಭಾಗ ಇಲ್ಲದಿದ್ದರೆ ರಾಜ್ಯಕ್ಕೆ ಏನೂ ಆಗುತ್ತಿರಲಿಲ್ಲವಂತೆ!

ಕುಲಪತಿಗಳು ಕರೆಸಿದರು. ಅವರು ಕೆಟ್ಟವರಲ್ಲ, ಗಾಬರಿಯ ಮನುಷ್ಯ. "ನೀಲಾಂಬಿಕಾ ಅವರ, ಸುಮ್ಮನ ಹಟ ಮಾಡಬ್ಯಾಡ್ರಿ. ನಿಮ್ಮನ್ನ ಆಹಾರ ತಂತ್ರಜ್ಞಾನದ ಕೂಡ ಸೇರಿಸಿಬಿಡ್ತೀನಿ. ಅವರಿಗೆ ಛಲೋ ಅಂಕಿ ಬಂದದ. ಉಪ್ಪಿನಕಾಯಿ ಬ್ಯಾಕ್ಟೀರಿಯಾ ನೋಡಕೋತ ಆರಾಮ ಇರ್ರಿ."

"ಉಪ್ಪಿನಕಾಯಿ ಇಲ್ಲದಿದ್ರ ರಾಜ್ಯ ಮುಳಗತದ, ನಾವಿಲ್ಲದಿದ್ರ ತೇಲತದ. ಹೌದಲ್ರಿ?" ಎಂದಳು ನೀಲಾಂಬಿಕಾ. "ಸರ್, ಅಂಕಿ ಬ್ಯಾಡ ಅನಿಸಿದವರು ವಿಚಾರಣಾ ಕೇಳಬಹುದು ಅಂತ ನಿಯಮದಾಗ ಅದ. ನನಗ ವಿಚಾರಣಾ ಕೊಡಸ್ರಿ. ಬೆಂಗಳೂರಿನ ಹಂಚಿಕೆ ಕೋಣ್ಯಾಗ ಕೂತು ಲೆಕ್ಕ ಬಿಚ್ಚಿಸಿ ನೋಡ್ತೀನಿ."

"ಇಲ್ಲೀತನಕ ಯಾರೂ ಗೆದ್ದಿಲ್ರಿ."

"ಇಲ್ಲೀತನಕ ನಾ ಹೋಗಿಲ್ಲಲ್ರಿ," ಎಂದು ಎದ್ದು ಬಂದಳು.

ಮನೆಯಲ್ಲಿ ಗಂಡ ಸೋಮಲಿಂಗ ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದ. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಮೈದಾನದಲ್ಲಿ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು.

"ನೀಲಾ! ಈ ಸಣ್ಣ ಶೀಶೆದಾಗ ಏನದ?"

"ಸಿಂದಗಿ ಗಟಾರ."

"ಮಜ್ಜಿಗಿ ಬಾಜೂಕ ಸಿಂದಗಿ ಗಟಾರ ಇಟ್ಟೀಯಲ್ಲ, ನಿನಗ ಬುದ್ಧಿ ಅದನ?"

"ನಿನ್ನ ಮಜ್ಜಿಗಿಗಿಂತ ಅದ ಸ್ವಚ್ಛ ಅದ. ಬೀಗ ಬಿದ್ರ ಒಂದಿಷ್ಟರೆ ಉಳೀಲಿ ಅಂತ ತಂದೀನಿ. ಕದಾ ಮುಚ್ಚು, ಥಂಡಿ ಹೋಗ್ತದ."

ಸೋಮಲಿಂಗ ಬಾಗಿಲು ಮುಚ್ಚಿದ. ಹೆಂಡತಿಯ ಮುಖ ನೋಡಿ ಅವನ ದನಿ ಅಪರೂಪಕ್ಕೆ ತಗ್ಗಿತು. ಅವಳ ಎದುರಿಗೆ ಚಹಾ ಇಟ್ಟು, ತಾನೂ ಕೂತು, ಬಹಳ ಹೊತ್ತಿನಿಂದ ಯೋಚಿಸಿಟ್ಟುಕೊಂಡಿದ್ದ ಮಾತನ್ನು ಹೇಳಿದ. "ನಾ ಒಂದು ಹೇಳಲಿ? ಒಂದು ತಿಂಗಳು ಯಾರಿಗೂ ಶೀಶೆ ಕಳಸಬ್ಯಾಡ. ಬಂದ್! ಆಸ್ಪತ್ರ್ಯಾವರು ತಾವ ಬಾಯಿ ಬಾಯಿ ಬಡಕೊಂಡು ಸರ್ಕಾರಕ್ಕ ಓಡತಾರ. ಆವಾಗ ಗೊತ್ತಾಗ್ತದ ನೀವಿಲ್ಲದಿದ್ರ ಏನು ಅಂತ."

ನಿಜ ಹೇಳಬೇಕೆಂದರೆ ಈ ಯೋಚನೆ ಅವಳಿಗೂ ಬಂದಿತ್ತು. ಸಂಜೆಯಿಂದ ಅದು ತಲೆಯಲ್ಲೇ ಕೂತಿತ್ತು. ಆದರೆ ಆ ಒಂದು ತಿಂಗಳಲ್ಲಿ ವಾರ್ಡಿನಲ್ಲಿ ಮಲಗಿರುವವರ ಪಾಡೇನು? ಮಧ್ಯಾಹ್ನವಷ್ಟೇ ಸುಟ್ಟಗಾಯದ ವಾರ್ಡಿನಿಂದ ಫೋನು ಬಂದಿತ್ತು, ಸೀರೆಗೆ ಒಲೆಯ ಬೆಂಕಿ ತಾಗಿದ ಒಬ್ಬ ಹೆಣ್ಣುಮಗಳಿಗೆ ತಾಳಿಕೋಟಿ-ಮೂರು ಎಂಬ ನುಂಗಣ್ಣನ ಶೀಶೆ ಬೇಕೆಂದು. ನದಾಫ ಓಡಿಹೋಗಿ ಬಸ್ಸಿಗೆ ಕೊಟ್ಟು ಬಂದಿದ್ದ.

"ಮಂದಿನ್ನ ಸಾಯಿಸಿ ಅಂಕಿ ತರೂದಾದ್ರ ಆ ಅಂಕಿ ನನಗ ಬ್ಯಾಡ," ಎಂದಳು. "ಅದು ಲೆಕ್ಕ ತಪ್ಪೇದ. ತಪ್ಪು ಎಲ್ಲೆ ಅದ ಅಂತ ಹುಡುಕಿ ತಿದ್ದಸ್ತೀನಿ. ಅಷ್ಟ."

"ಹಂಗಾದ್ರ ಹುಡುಕಿಬಿಡ್ತಿ," ಎಂದ ಸೋಮಲಿಂಗ. ಹೆಂಡತಿಯ ವಿಷಯದಲ್ಲಿ ಅವನಿಗೂ ಅನುಮಾನ ಕಡಿಮೆ.

ವಿಚಾರಣೆಯ ದಿನ ನೀಲಾಂಬಿಕಾ, ನದಾಫ, ಕುಲಪತಿಗಳು ಮೂವರೂ ಬೆಂಗಳೂರಿನ ಹಂಚಿಕೆ ಕೋಣೆಯಲ್ಲಿ ಕೂತಿದ್ದರು. ಎ.ಸಿ. ಎಷ್ಟು ಜೋರಾಗಿತ್ತೆಂದರೆ ನದಾಫ ಕರವಸ್ತ್ರವನ್ನು ಕಿವಿಗೆ ಕಟ್ಟಿಕೊಂಡಿದ್ದ. ಎಡಗೋಡೆಯ ತುಂಬ 'ಇದ್ದರೆ' ರಾಜ್ಯ, ಬಲಗೋಡೆಯ ತುಂಬ 'ಇಲ್ಲದಿದ್ದರೆ' ರಾಜ್ಯ. ಎರಡರಲ್ಲೂ ಊರುಗಳೆಲ್ಲ ಬೆಳಕಿನ ಚುಕ್ಕಿಗಳಾಗಿ ಮಿನುಗುತ್ತಿದ್ದವು. ನಡುವಿನ ಮೇಜಿನಲ್ಲಿ ಹಂಚಿಕೆ ಅಧಿಕಾರಿ ವನಮಾಲಾ. ಮೂವತ್ತೈದರ ಆಸುಪಾಸು, ಹತ್ತಿ ಸೀರೆ, ಅವಸರವಿಲ್ಲದ ಮಾತು.

"ಯಂತ್ರ ತಪ್ಪೇ ಮಾಡಲ್ಲ ಅಂತ ನಾನು ಹೇಳಲ್ಲ ಮೇಡಂ," ಎಂದಳು ವನಮಾಲಾ. "ಬಂದವರೆಲ್ಲ ನಮಗೆ ಅನ್ಯಾಯ ಆಗಿದೆ ಅಂತಾರೆ, ಎಲ್ಲಿ ಅಂತ ತೋರಿಸಲ್ಲ. ನೀವು ತೋರಿಸಿ, ನಾನು ತಿದ್ದುತ್ತೀನಿ. ಅಷ್ಟೇ ನನ್ನ ಕೆಲಸ."

ಇದು ನೀಲಾಂಬಿಕಾಗೆ ಹಿಡಿಸಿತು. ಜಗಳಕ್ಕೆಂದು ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬದಿಗಿಟ್ಟಳು. "ಹಂಗಾದ್ರ ನಮ್ಮ ಜಿಲ್ಲಾದ ಸುಟ್ಟಗಾಯದ ವಾರ್ಡ್ ತಗೀರಿ. ಎರಡೂ ಗ್ವಾಡಿ ಮ್ಯಾಲೆ."

ವಾರ್ಡು ತೆರೆಯಿತು. ಎಡಗಡೆ ಹಾಸಿಗೆಗಳು, ಬಂದವರು, ಗುಣವಾದವರು. ಬಲಗಡೆಯೂ ಅದೇ ಹಾಸಿಗೆಗಳು, ಅಷ್ಟೇ ಜನ, ಅಷ್ಟೇ ಮಂದಿ ಗುಣವಾಗಿದ್ದಾರೆ. ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ.

"ಆ ಕಡಿ ರಾಜ್ಯದಾಗ ನಾವು ಹುಟ್ಟೇ ಇಲ್ಲ, ಹೌದಿಲ್ರಿ? ಅಲ್ಲಿ ಒಬ್ಬ ಪೇಶಂಟ್ ತಗೀರಿ. ಅವರಿಗೆ ಏನು ಔಷಧ ಕೊಟ್ರು?"

"ತಾಳಿಕೋಟಿ-ಮೂರು."

"ನಾವಿಲ್ಲದ ರಾಜ್ಯದಾಗ ತಾಳಿಕೋಟಿ-ಮೂರು ಎಲ್ಲಿಂದ ಬಂತು?"

ವನಮಾಲಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಇದು ಒಳ್ಳೆಯ ಪ್ರಶ್ನೆ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಆ ಹೆಸರನ್ನು ಒತ್ತಿ ಅದರ ಮೂಲವನ್ನು ಕೇಳಿದಳು. ಗೋಡೆಯ ಮೇಲೆ ಉತ್ತರ ಮೂಡಿತು: ಮೂಲ, ತಾಳಿಕೋಟಿ. ಬಗೆ, ನೈಸರ್ಗಿಕ. ಲಭ್ಯತೆ, ಸದಾಕಾಲ. ಅದೇ ಗುಂಪಿನಲ್ಲಿ ಅದರ ಮೇಲೆ ಕೆಳಗೆ ಇದ್ದದ್ದು ನದಿಯ ನೀರು, ಮರಳು, ಬಿಸಿಲು.

ನದಾಫ ಕಿವಿಗೆ ಕಟ್ಟಿದ್ದ ಕರವಸ್ತ್ರವನ್ನು ಬಿಚ್ಚಿ ಬಾಯಿಗೆ ಹಿಡಿದು ನಕ್ಕುಬಿಟ್ಟ. "ಯಪ್ಪಾ! ಮೇಡಂ, ನಾವು ಬಿಸಲಾಗೇವಿ ನೋಡ್ರಿ!"

ತಪ್ಪು ಹುಟ್ಟಿದ್ದು ಇವರ ಪದ್ಧತಿಯಿಂದಲೇ. ವಿಭಾಗ ಶುರುವಾದಾಗ ಗಟಾರದ ನೀರು ಕೇಳಿಕೊಂಡು ಊರೂರಿಗೆ ಹೋದರೆ ಜನ ಮೊದಮೊದಲು ನಕ್ಕರು, ಆಮೇಲೆ ಇದರಿಂದ ಜೀವ ಉಳಿಯುತ್ತದೆ ಎಂದು ತಿಳಿದು ಹಿಗ್ಗಿದರು. "ತಗೊಳ್ರಿ, ಬೇಕಾದಷ್ಟು ತಗೊಳ್ರಿ, ಆದ್ರ ನಮ್ಮೂರ ಹೆಸರು ಇಡ್ರಿ ಮತ್ತ" ಎಂದರು. ಆಗಲೆಂದು ಮಾತು ಕೊಟ್ಟದ್ದಾಯಿತು. ಅಂದಿನಿಂದ ಪ್ರತಿ ನುಂಗಣ್ಣನಿಗೂ ಅವನು ಸಿಕ್ಕ ಊರಿನದೇ ಹೆಸರು. ಇಂಡಿ-ಎಂಟು, ಸಿಂದಗಿ-ಎರಡು, ತಾಳಿಕೋಟಿ-ಮೂರು. ಶೀಶೆಯ ಮೇಲೆ ವಿಭಾಗದ ಹೆಸರಿಲ್ಲ, ವಿಶ್ವವಿದ್ಯಾಲಯದ ಹೆಸರೂ ಇಲ್ಲ. ಆಸ್ಪತ್ರೆಯವರು ಶೀಶೆಯ ಮೇಲಿದ್ದುದನ್ನೇ ಬರೆದುಕೊಂಡರು. ಯಂತ್ರ ಅದನ್ನು ಓದಿ, ಇದು ತಾಳಿಕೋಟಿಯಲ್ಲಿ ತನ್ನಷ್ಟಕ್ಕೇ ಸಿಗುವ ಪದಾರ್ಥ ಎಂದುಕೊಂಡಿತು.

ಕುಲಪತಿಗಳಿಗೆ ಹೋದ ಜೀವ ಬಂದಂತಾಯಿತು. "ಇಷ್ಟ ಏನ್ರಿ! ಹೆಸರು ಬದಲಿ ಮಾಡಿಬಿಡೂಣು. ಭೀಮಾತೀರ-ಒಂದು, ಭೀಮಾತೀರ-ಎರಡು."

"ಅದು ಸುಲಭ ಮೇಡಂ," ಎಂದಳು ವನಮಾಲಾ. "ಹೊಸ ಹೆಸರು ದಾಖಲೆಗೆ ಬಂದ ಮೇಲೆ ಮುಂದಿನ ವರ್ಷದ ಲೆಕ್ಕದಲ್ಲಿ ಯಂತ್ರ ತಾನೇ ಹಿಡಿಯುತ್ತೆ."

"ಮುಂದಿನ ವರ್ಷಕ್ಕ ನನ್ನ ಶೀಶೆದಾಗ ಏನೂ ಉಳಿದಿರೂದಿಲ್ಲ. ಮತ್ತ ಹೆಸರು ನಾ ಬದಲಿ ಮಾಡೂದಿಲ್ಲ. ತಾಳಿಕೋಟಿಯವರಿಗೆ ಮಾತು ಕೊಟ್ಟೇವಿ." ನೀಲಾಂಬಿಕಾ ಮುಂದಕ್ಕೆ ಬಾಗಿದಳು. "ನಿಮ್ಮ ಯಂತ್ರಕ್ಕ ತಿಳೀಲಿಲ್ಲ ಅಂತ ನಾವ್ಯಾಕ ಮಾತು ತಪ್ಪಬೇಕು? ತಿಳಿಸಿ ಹೇಳ್ರಿ ಅದಕ್ಕ. ನೈಸರ್ಗಿಕ ಅನ್ನೂದನ್ನ ತಿದ್ದೂ ಅಧಿಕಾರ ಯಾರಿಗದ?"

"ನನಗಿದೆ. ಆದ್ರೆ ಪುರಾವೆ ಬೇಕು. ಇದು ತಾನಾಗೇ ಸಿಗಲ್ಲ, ಮಾಡಿದ್ರೆ ಮಾತ್ರ ಆಗುತ್ತೆ ಅಂತ."

"ತಾಳಿಕೋಟಿ ಗಟಾರದ ನೀರು ಗಾಯಕ್ಕ ಸುರದ್ರ ಗುಣಾ ಆಗೂದಿಲ್ರೀ ತಂಗಿ, ಕಾಲು ಕತ್ತರಿಸಬೇಕಾಗ್ತದ," ಎನ್ನುತ್ತ ನೀಲಾಂಬಿಕಾ ಚೀಲದಿಂದ ಎರಡು ಗಾಜಿನ ತಟ್ಟೆಗಳನ್ನು ತೆಗೆದಳು. ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನ ತೋರಿಸುವ ಪಾಠ ಅದು. ಸರ್ಕಾರಕ್ಕೂ ಅಲ್ಲಿಂದಲೇ ಶುರು ಮಾಡೋಣವೆಂದು ಹಿಂದಿನ ದಿನ ಸಿದ್ಧ ಮಾಡಿಸಿ ತಂದಿದ್ದಳು. ಎರಡರಲ್ಲೂ ಒಂದೇ ಗಾಯದ ಬ್ಯಾಕ್ಟೀರಿಯಾ ಬಿತ್ತಲಾಗಿತ್ತು. ಒಂದರ ಮೇಲೆ ಹಸಿ ಗಟಾರದ ನೀರು ಹಾಕಿದ್ದರು. ಅದರಲ್ಲಿ ಹಳದಿ, ಹಸಿರು, ಬೂದು ಏನೇನೋ ಉಬ್ಬಿ ಬೆಳೆದು ನೋಡಿದರೇ ಹೇಸಿಗೆಯಾಗುತ್ತಿತ್ತು. ಇನ್ನೊಂದರ ಮೇಲೆ ತಾಳಿಕೋಟಿ-ಮೂರು ಹಾಕಿದ್ದರು. ಅದರಲ್ಲಿ ಬ್ಯಾಕ್ಟೀರಿಯಾದ ಕೆನೆ ಪೂರ್ತಿ ಕರಗಿ ತಟ್ಟೆ ತಿಳಿಯಾಗಿತ್ತು.

"ಈ ತಟ್ಟಿಯಿಂದ ಆ ತಟ್ಟಿಗೆ ಬರೂದರಾಗ ನಮ್ಮ ವಿಭಾಗ ಅದ," ಎಂದಳು.

ವನಮಾಲಾ ತಟ್ಟೆಗಳನ್ನು ಮೇಜಿನ ಕ್ಯಾಮೆರಾದ ಕೆಳಗಿಟ್ಟಳು. ನದಾಫ ಹೇಳುತ್ತ ಹೋದ ಸೋಸುವ, ಬೆಳೆಸುವ, ಪಳಗಿಸುವ ಹಂತಗಳನ್ನು ಒಂದೊಂದಾಗಿ ಯಂತ್ರಕ್ಕೆ ಕೊಟ್ಟಳು. ಆಮೇಲೆ ಊರಿನ ಹೆಸರು ಹೊತ್ತ ಶೀಶೆಗಳನ್ನೆಲ್ಲ 'ನೈಸರ್ಗಿಕ' ಗುಂಪಿನಿಂದ ಎತ್ತಿ 'ತಯಾರಿಸಿದ್ದು' ಗುಂಪಿಗೆ ಹಾಕಿ, ತಯಾರಕರು ಎಂಬಲ್ಲಿ ಭೀಮಾತೀರದ ವಿಭಾಗವನ್ನು ಜೋಡಿಸಿದಳು. ಶೀಶೆಯ ಹೆಸರು ಹಾಗೆಯೇ ಉಳಿಯಿತು. "ಈಗ ಮತ್ತೆ ಓಡಿಸ್ತೀನಿ" ಎಂದಳು.

ಬಲಗೋಡೆ ಒಮ್ಮೆ ಕಪ್ಪಾಗಿ, ವಿಭಾಗ ಹುಟ್ಟಿದ ವರ್ಷದಿಂದ ಮತ್ತೆ ಬೆಳಗಲು ಶುರುವಾಯಿತು. ಮೊದಲ ಕೆಲವು ವರ್ಷ ಎರಡೂ ಗೋಡೆಗಳು ಒಂದೇ ಥರ ಇದ್ದವು. ಆಮೇಲೆ ಬಲಗಡೆ ಒಂದು ಊರಿನ ಚುಕ್ಕಿ ಮಂಕಾಯಿತು, ಪಕ್ಕದಲ್ಲಿ ಇನ್ನೊಂದು. ಭೀಮೆಯ ದಂಡೆಯಿಂದ ತುಂಗಭದ್ರೆ ದಾಟಿ, ಘಟ್ಟ ಇಳಿದು, ದಕ್ಷಿಣದ ಕೊನೆಯವರೆಗೂ ಬೆಳಕು ತಗ್ಗುತ್ತಾ ಹೋಯಿತು. ಕುಲಪತಿಗಳು ಕುರ್ಚಿಯಿಂದ ಎದ್ದು ನಿಂತರು. ನಡುವಿನ ಪರದೆಯಲ್ಲಿ ಹಳೆಯ ಸೊನ್ನೆ ಅಳಿಸಿಹೋಗಿ ಹೊಸ ಅಂಕಿ ಬಂತು. ಆ ವರ್ಷ ರಾಜ್ಯದ ಯಾವ ವಿಭಾಗಕ್ಕೂ ಅಂಥ ಅಂಕಿ ಬಂದಿರಲಿಲ್ಲ.

"ಬಂತ್ರಿ! ಮೇಡಂ, ಬಂತ್ರಿ!" ಎಂದು ನದಾಫ ಕುಲಪತಿಗಳ ಕೈಯನ್ನೇ ಹಿಡಿದು ಕುಲುಕಿದ. ಕುಲಪತಿಗಳು ಅದನ್ನು ಗಮನಿಸುವ ಸ್ಥಿತಿಯಲ್ಲಿ ಇರಲಿಲ್ಲ. ನೀಲಾಂಬಿಕಾಗೆ ಕುಣಿಯಬೇಕೆನ್ನುವಷ್ಟು ಖುಷಿಯಾಗಿತ್ತು. ಆದರೂ "ನಾ ಮೊದಲ ಹೇಳಿದ್ದೆ, ಇದರ ತಲಿ ಕೆಟ್ಟದ ಅಂತ" ಎಂದಷ್ಟೇ ಹೇಳಿ ಚೀಲದ ಜಿಪ್ ಎಳೆದಳು.

"ಒಂದು ನಿಮಿಷ ಮೇಡಂ," ಎಂದು ವನಮಾಲಾ ನಕ್ಕಳು. ಅವಳಿಗೂ ಸಂತೋಷವಾಗಿತ್ತು. "ಪಾಲು ಮಂಜೂರಾಯ್ತು. ಆದ್ರೆ ವ್ಯತ್ಯಾಸಗಳನ್ನ ನಾನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು, ಅದು ನಿಯಮ. ಜನರ ಹೆಸರು ಇರಲ್ಲ, ಬರೀ ಹುದ್ದೆಗಳು. ನಮ್ಮ ಇಲಾಖೆಯಿಂದಲೇ ಶುರುವಾಗುತ್ತೆ."

ಗಂಟಲು ಸರಿಮಾಡಿಕೊಂಡು ಓದಿದಳು. "'ಇಲ್ಲದಿದ್ದರೆ' ರಾಜ್ಯದಲ್ಲಿ ಕಂಡ ವ್ಯತ್ಯಾಸಗಳು. ಹಣಕಾಸು ಇಲಾಖೆ. ಹಂಚಿಕೆ ಕೋಣೆ. ಅಧಿಕಾರಿ ಹುದ್ದೆ, ಒಂದು. ಆರು ವರ್ಷದಿಂದ ಖಾಲಿ. ಕಾರಣ, ಹೆರಿಗೆಯ ನಂತರ ಸೋಂಕು."

ಅವಳು ಬೆರಳಿಟ್ಟು ಆ ಸಾಲನ್ನು ಮತ್ತೊಮ್ಮೆ ಓದಿಕೊಂಡಳು.

"ಹಂಚಿಕೆ ಕೋಣೆ ರಾಜ್ಯಕ್ಕೆಲ್ಲ ಇದೊಂದೇ," ಎಂದಳು, ಯಾರಿಗೆ ಹೇಳುತ್ತಿದ್ದೇನೆ ಎಂಬುದು ತನಗೇ ತಿಳಿಯದವಳಂತೆ. "ಅಧಿಕಾರಿ ಹುದ್ದೆಯೂ ಒಂದೇ."

ನದಾಫ ಕುಲಪತಿಗಳ ಕೈ ಬಿಟ್ಟು ಕೂತ.

"ಆರು ವರ್ಷದ ಹಿಂದೆ ಬಾಣಂತನಕ್ಕೆ ಹಾಸನಕ್ಕೆ ಹೋಗಿದ್ದೆ. ಸಿಸೇರಿಯನ್ ಹೊಲಿಗೆ ಕೀವಾಗಿ ಎಚ್ಚರ ತಪ್ಪಿತ್ತಂತೆ. ಬಸ್ಸಲ್ಲಿ ಏನೋ ಔಷಧಿ ತರಿಸಿದ್ರು, ನೀರಿನ ಥರ ಇತ್ತು ಅಂತ ಅಮ್ಮ ಈಗಲೂ ಹೇಳ್ತಾ ಇರ್ತಾರೆ. ಯಾವುದೋ ಊರಿನ ಹೆಸರಿತ್ತಂತೆ ಅದರ ಮೇಲೆ. ನಾನು ಯಾವತ್ತೂ ಕೇಳೇ ಇಲ್ಲ ಮೇಡಂ, ಅದನ್ನ ಯಾರು ಕಳಿಸಿದ್ದು ಅಂತ."

ಕಳಿಸಿದ ಶೀಶೆಗಳ ಆಚೆ ತುದಿಯಲ್ಲಿ ಯಾರಿದ್ದರು ಎಂದು ನೀಲಾಂಬಿಕಾಳೂ ಯಾವತ್ತೂ ಕೇಳಿರಲಿಲ್ಲ.

ವನಮಾಲಾಳ ಕಣ್ಣು ಆಗಲೇ ಮುಂದಿನ ಸಾಲಿಗೆ ಹೋಗಿತ್ತು. ಅವಳು ಓದಿದ್ದು ಬರೀ ತುಟಿಯಲ್ಲಿ. ಆದರೆ ಗೋಡೆಯ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಅದೇ ಹುದ್ದೆ, ಕುಟುಂಬ ಪಿಂಚಣಿ, ಫಲಾನುಭವಿ ಒಬ್ಬಳು, ಅಪ್ರಾಪ್ತ ಮಗಳು.

ವನಮಾಲಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ನೀಲಾಂಬಿಕಾ ಮೇಜು ಸುತ್ತಿ ಹೋಗಿ, ನಿಯಮದಲ್ಲಿ ಅದಕ್ಕೆ ಅವಕಾಶವಿದೆಯೋ ಇಲ್ಲವೋ ಯೋಚಿಸದೆ, ಆ ಹೆಣ್ಣುಮಗಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಅವಳು ಅತ್ತು ಮುಗಿಸುವವರೆಗೂ ಹಾಗೆಯೇ ನಿಂತಳು. ಆಮೇಲೆ ಅವಳ ಗಲ್ಲ ಹಿಡಿದೆತ್ತಿ, ಬಲಗೋಡೆಯ ಕಡೆಯಿಂದ ಮುಖ ತಿರುಗಿಸಿ ಎಡಗೋಡೆ ತೋರಿಸಿದಳು.

"ಇಲ್ಲಿ ನೋಡು ಯವ್ವಾ. ನೀ ಇಲ್ಲಿ ಅದಿ. ನಿನ್ನ ಮಗಳು ಮನ್ಯಾಗ ನಿನ್ನ ಹಾದಿ ಕಾಯಕತ್ತಾಳ. ಲಗೂ ಲಗೂ ಓದಿ ಮುಗಸು, ಮನೀಗೆ ಹೋಗು."

ವನಮಾಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಪಟ್ಟಿ ಬಹಳ ಉದ್ದವಿತ್ತು. ಅವಳು ಎದ್ದು ನಿಂತು, ಮುಂದಿನ ಹುದ್ದೆಯನ್ನು ಗಟ್ಟಿಯಾಗಿ ಓದಿದಳು.